ಬರಿಗೊರಳಿನಲ್ಲಿ ಉಂಡ ದಿನಗಳು

ಕಾಲೇಜಿಗೆ ಹೋಗುವುದು ಗಟ್ಟಿಯಾದ ಮೇಲೆ ಅಪ್ಪ ಮಾಡಿದ ಮೊದಲ ಕೆಲಸವೆಂದರೆ ನನ್ನನ್ನು ಜಹೀರಾಬಾದಿನ ದರ್ಜಿಯ ಮುಂದೆ ತಂದು ನಿಲ್ಲಿಸಿದ್ದು. ಹೈದರಾಬಾದಿನ ಕಾಲೇಜಿನಲ್ಲಿ ಶೇರವಾನಿ ಹಾಕದವನನ್ನು ಬಾಗಿಲ ಒಳಗೇ ಬಿಡುವುದಿಲ್ಲವೆಂದು ಯಾರೋ ಅವನ ಕಿವಿ ಊದಿದ್ದರು. ನಿಜಾಮರ ಆಳ್ವಿಕೆಯ ಕಾಲ, ಮಾತು ಸುಳ್ಳೇನೂ ಆಗಿರಲಿಲ್ಲ. ದರ್ಜಿ ವಯಸ್ಸಾದ ಸಾಬರು. ನಮ್ಮ ಕಡೆಯ ಅರ್ಧ ಲಿಂಗಾಯತರ ಅಂಗಿಗಳನ್ನು ಅವರೇ ಹೊಲಿಯುತ್ತಿದ್ದರು. ಎದೆಯ ಅಳತೆ ತೆಗೆಯುವಾಗ ಟೇಪು ನನ್ನ ಕೊರಳಲ್ಲಿ ತೂಗುತ್ತಿದ್ದ ಬೆಳ್ಳಿ ಕರಡಿಗೆಗೆ ತಾಗಿ ನಿಂತಿತು. ಕರಡಿಗೆಯೊಳಗೆ ಲಿಂಗ. ಸಾಬರು ಅದನ್ನು ಮುಟ್ಟಲಿಲ್ಲ, ತೆಗೆ ಎನ್ನಲೂ ಇಲ್ಲ. “ಇದು ಇರೂದೇ ಅಲ್ರೀ, ಇದರ ಜಾಗ ಬಿಟ್ಟೇ ಹೊಲೀತೀನಿ” ಎಂದು ಅಪ್ಪನಿಗೆ ಹೇಳಿ ಚೀಟಿಯಲ್ಲಿ ಏನೋ ಗೀಚಿಕೊಂಡರು. ಆ ಮನುಷ್ಯನಿಗೆ ಹೇಳದೆಯೇ ತಿಳಿದ ಸಂಗತಿಯನ್ನು ಮುಂದೆ ಬಹಳ ದಿನ ನನಗೆ ಯಾರಿಗೂ ಹೇಳಿ ತಿಳಿಸಲು ಆಗಲಿಲ್ಲ.

ನಮ್ಮೂರು ನಾರಾಯಣಖೇಡದ ಆಚೆ, ಮನೂರಿನ ದಾರಿಯಲ್ಲಿ. ತೊಗರಿ, ಜೋಳ, ಎರಡು ಜೊತೆ ಎತ್ತು, ಅದೇ ನಮ್ಮ ಬದುಕು. ನಾನು ಜಹೀರಾಬಾದಿನಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಮ್ಯಾಟ್ರಿಕ್ ಮುಗಿಸಿದ್ದೆ. ಮಾವನ ಮನೆಯೆಂದರೆ ಅವ್ವನ ಮನೆಯೇ ಸರಿ. ಬೆಳಗ್ಗೆ ಸ್ನಾನ, ಹಣೆಗೆ ವಿಭೂತಿ, ಎಡಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆ, ಆಮೇಲೆ ರೊಟ್ಟಿ. ಶಾಲೆಯ ಗಂಟೆಯೂ ನಮ್ಮ ಪೂಜೆ ಮುಗಿಯುವುದನ್ನು ಕಾದು ಬಾರಿಸಿದಂತೆ ಬಾರಿಸುತ್ತಿತ್ತು. ಓದುವುದಕ್ಕೂ ಪೂಜೆಗೂ ಜಗಳ ಬಿದ್ದೀತೆಂದು ನನಗೆ ಆಗ ಕನಸಿನಲ್ಲೂ ಹೊಳೆದಿರಲಿಲ್ಲ.

ಹೊರಡುವ ದಿನ ಅವ್ವ ಅಳಲಿಲ್ಲ. ಜೋಳದ ರೊಟ್ಟಿ, ಶೇಂಗಾ ಹಿಂಡಿ ಗಂಟು ಕಟ್ಟಿ ಕೈಗಿಟ್ಟಳು. ಆಮೇಲೆ ನನ್ನ ಕರಡಿಗೆಯ ದಾರವನ್ನು ಎಳೆದು ನೋಡಿ, ಗಂಟು ಗಟ್ಟಿಯಿದೆಯೆಂದು ಖಾತ್ರಿ ಮಾಡಿಕೊಂಡಳು.

“ಓದು ನನ್ನಪ್ಪ, ಎಷ್ಟ್ ಬೇಕಷ್ಟ್ ಓದು. ಆದರ ಲಿಂಗಪೂಜಿ ಆಗದ ಒಂದ್ ತುತ್ತೂ ಬಾಯಾಗ ಹಾಕಬ್ಯಾಡ. ಇದೊಂದ್ ನಡಿಸಿಕೊಡು. ನಾ ಬ್ಯಾರೇನೂ ಕೇಳಂಗಿಲ್ಲ.”

“ಆತವ್ವ” ಎಂದೆ. ಆಗಲಿ ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ನಮ್ಮಲ್ಲಿ ಕೊರಳಿನ ಲಿಂಗ ಕಳೆದುಹೋದರೆ ಅದು ಸಿಗುವ ತನಕ, ಇಲ್ಲವೇ ಮಠದ ಅಯ್ಯನವರು ಹೊಸದು ಕಟ್ಟುವ ತನಕ, ಊಟ ಮಾಡುವಂತಿಲ್ಲ. ಹಿಂದಿನ ಕಾಲದಲ್ಲಿ ಹಾಗೆ ಲಿಂಗ ಕಳೆದುಕೊಂಡು ಉಪವಾಸದಲ್ಲೇ ಪ್ರಾಣ ಬಿಟ್ಟವರ ಕತೆಗಳನ್ನು ಅಜ್ಜಿ ಹೇಳುತ್ತಿದ್ದಳು. ಆ ಕತೆ ಕೇಳುವಾಗ ನಾನು ಬೆಲ್ಲ ತಿನ್ನುತ್ತಾ ಕೂತಿರುತ್ತಿದ್ದೆ. ಅದು ನನಗೆ ಸಂಬಂಧಪಟ್ಟದ್ದೆಂದು ಯಾವತ್ತೂ ಅನ್ನಿಸಿರಲಿಲ್ಲ.

ಯುದ್ಧದ ದಿನಗಳಾದ್ದರಿಂದ ರೈಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಜಹೀರಾಬಾದಿನಿಂದ ಹೈದರಾಬಾದಿನವರೆಗೆ ನಿಂತೇ ಹೋದೆ. ಹಾಸ್ಟೆಲಿನಲ್ಲಿ ಖೋಲಿಗೆ ಇಬ್ಬರು. ನನ್ನ ಜೊತೆಗಿದ್ದವನು ತಾಂಡೂರಿನ ಹುಡುಗ. ಅವನ ಮನೆಯವರಿಗೆ ಕಲ್ಲುಗಣಿಯ ಕೆಲಸ, ನೆಲಕ್ಕೆ ಹಾಸುವ ನುಣುಪಾದ ಕಲ್ಲುಚಪ್ಪಡಿ ತೆಗೆಯುವವರು. ಮನೆಮಾತು ತೆಲುಗು, ಆದರೆ ಕನ್ನಡವನ್ನು ತನ್ನದೇ ಎನ್ನುವ ಹಾಗೆ ಮಾತಾಡುತ್ತಿದ್ದ. ನಾನು ಮೊದಲ ದಿನ ಪೂಜೆಗೆ ಕೂತಾಗ ಮಂಚದ ಮೇಲೆ ಕಾಲು ಮಡಚಿಕೊಂಡು ಕುತೂಹಲದಿಂದ ನೋಡಿದ. ಎರಡನೆಯ ದಿನದಿಂದ ನೋಡುವುದನ್ನು ಬಿಟ್ಟು ಮಲಗಿಕೊಂಡ. ಇಂಥ ಸ್ನೇಹಿತ ಸಿಕ್ಕಿದ್ದೇ ಪುಣ್ಯ.

ತೊಂದರೆ ಬಂದದ್ದು ನಲ್ಲಿಯ ಕಡೆಯಿಂದ. ನಲ್ವತ್ತು ಹುಡುಗರಿಗೆ ನಾಲ್ಕು ನಲ್ಲಿ. ನಗರದ ಹುಡುಗರಿಗೆ ಸರದಿಯಲ್ಲಿ ನುಗ್ಗುವ ಹಿಕಮತ್ತು ಹುಟ್ಟಿನಿಂದಲೇ ಬಂದಿತ್ತು. ನಾನು ಲೋಟ ಹಿಡಿದು, ಯಾರಾದರೂ ಬಾ ಎಂದಾರೇನೋ ಎಂದು ಗೋಡೆಗೆ ಒರಗಿ ನಿಂತಿರುತ್ತಿದ್ದೆ. ನನ್ನ ಸ್ನಾನವಾಗುವ ಹೊತ್ತಿಗೆ ನಾಷ್ಟಾದ ಗಂಟೆ ಮುಗಿದಿರುತ್ತಿತ್ತು. ಪೂಜೆಯಾಗುವ ಹೊತ್ತಿಗೆ ಕಾಲೇಜಿನ ಮೊದಲ ಗಂಟೆ. ಹೀಗಾಗಿ ಒಂದು ದಿನ ನಾಷ್ಟಾ ತಪ್ಪಿದರೆ ಇನ್ನೊಂದು ದಿನ ಮೊದಲ ಪಾಠ, ಬಹಳ ದಿನ ಎರಡೂ. ತಡವಾಗಿ ಹೋದರೆ ಪ್ರೊಫೆಸರರು ಬೈಯುತ್ತಿರಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಹಾಜರಿ ಪುಸ್ತಕ ಮುಚ್ಚಿ ಪಾಠ ಮುಂದುವರಿಸುತ್ತಿದ್ದರು. ಜಹೀರಾಬಾದಿನಲ್ಲಿ ಒಂದು ದಿನ ಶಾಲೆ ತಪ್ಪಿದರೆ ಮೇಷ್ಟ್ರು ಸಂಜೆ ಮಾವನ ಅಂಗಡಿಗೇ ಬಂದು ವಿಚಾರಿಸುತ್ತಿದ್ದರು. ಇಲ್ಲಿ ನಾನು ಸತ್ತರೂ ಹಾಜರಿ ಪುಸ್ತಕದಲ್ಲಿ ಒಂದು ಸೊನ್ನೆ ಹೆಚ್ಚಾಗುತ್ತಿತ್ತು, ಅಷ್ಟೇ.

ಪಾಠವೂ ಅಷ್ಟಕ್ಕಷ್ಟೇ. ಉರ್ದು ನನಗೆ ಬರುತ್ತದೆಂದು ನಾನು ನಂಬಿಕೊಂಡಿದ್ದೆ. ಜಹೀರಾಬಾದಿನ ಸಂತೆಯಲ್ಲಿ ಎತ್ತಿನ ವ್ಯಾಪಾರ ಮಾಡುವಷ್ಟು ದಖನಿ ಬರುತ್ತಿತ್ತು, ಪರೀಕ್ಷೆ ಪಾಸಾಗುವಷ್ಟು ಪುಸ್ತಕದ ಉರ್ದುವೂ ಬರುತ್ತಿತ್ತು. ಆದರೆ ಆ ಪ್ರೊಫೆಸರರ ಬಾಯಲ್ಲಿ ಬರುವ ಕೀಮಿಯಾ ಪಾಠ, ಅಂದರೆ ರಸಾಯನಶಾಸ್ತ್ರ, ನನ್ನ ಕಿವಿಯ ಹತ್ತಿರ ಬಂದು ತಿರುಗಿ ಹೋಗುತ್ತಿತ್ತು. ಎಲ್ಲರೂ ಬರೆದುಕೊಳ್ಳುವಾಗ ನಾನೂ ಪೆನ್ಸಿಲು ಆಡಿಸುತ್ತಿದ್ದೆ. ಎರಡನೆಯ ತಿಂಗಳಲ್ಲಿ ಗುಮಾಸ್ತ ಕರೆದು, ಹಾಜರಿ ಹೀಗೇ ಇದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದ. “ಜೀ” ಎಂದೆ. ಆ ಎರಡು ತಿಂಗಳಲ್ಲಿ ನಾನು ತಪ್ಪಿಲ್ಲದೆ ಆಡಿದ ಉರ್ದು ಎಂದರೆ ಅದೊಂದೇ.

ಇದರ ನಡುವೆ ಒಂದು ಸುಳ್ಳು ಹೇಳಿಬಿಟ್ಟೆ. ಒಂದು ದಿನ ತರಗತಿಯಲ್ಲಿ ಪಕ್ಕದ ಹುಡುಗನೊಬ್ಬ ನನ್ನ ಶೇರವಾನಿಯ ಎದೆಯ ಮೇಲಿನ ಉಬ್ಬನ್ನು ಬೆರಳಿಂದ ತಟ್ಟಿ, ಗಡಿಯಾರವೇ ಎಂದು ಕೇಳಿದ. ಕೆಟ್ಟ ಹುಡುಗನಲ್ಲ, ಸುಮ್ಮನೆ ಕೇಳಿದ. ಲಿಂಗ ಎಂದರೆ ಏನು, ಯಾಕೆ, ಯಾರು ಕಟ್ಟಿದರು ಎಂದು ಅವನ ಭಾಷೆಯಲ್ಲಿ ಹೇಳಬೇಕಲ್ಲ ಎಂದು ನೆನೆದೇ ನನಗೆ ಬೆವರು ಬಂತು. “ಹಾಂ, ಗಡಿಯಾರ” ಎಂದೆ. ಅಂದಿನಿಂದ ಅವನು ದಿನಕ್ಕೆ ಎರಡು ಸಲ ನನ್ನನ್ನು ಟೈಮು ಕೇಳತೊಡಗಿದ. ನಾನು ಕಿಟಕಿಯ ಬಿಸಿಲು ನೋಡಿ ಅಂದಾಜಿನ ಮೇಲೆ ಹೇಳುತ್ತಿದ್ದೆ. ಊರಲ್ಲಿ ಹೊಲ ಕಾದವನಿಗೆ ಅಷ್ಟು ಬರುತ್ತದೆ.

ಹಾಸ್ಟೆಲಿನಲ್ಲಿ ವಾರಕ್ಕೆ ಮೂರು ಸಂಜೆ ಕಡ್ಡಾಯವಾಗಿ ಕವಾಯತು. ಕಲಿಸುವವರು ಫೌಜಿನಲ್ಲಿದ್ದು ಬಂದ ಉಸ್ತಾದರು. ಪಂಚಮಿ ಹಬ್ಬ ಆಗಿ ಎಂಟನೆಯ ದಿನ, ಅವತ್ತು ಕಬ್ಬಿಣದ ಸಲಾಕೆಗೆ ಜೋತು ಬೀಳುವ ಕಸರತ್ತು. ಹಿಂದೆ ಯಾವನೋ ಹುಡುಗನ ತಾಯತದ ದಾರ ಸಲಾಕೆಗೆ ಸಿಕ್ಕಿ ಕೊರಳು ಬಿಗಿದಿತ್ತಂತೆ. ಅದಕ್ಕೆ ಉಸ್ತಾದರು, ಕೊರಳಲ್ಲಿ ಏನಿದ್ದರೂ ತೆಗೆಯಿರಿ ಎಂದು ಹುಕುಂ ಮಾಡಿದರು. ಹುಡುಗರು ತಾಯತಗಳನ್ನು ತೆಗೆದು ಕಣ್ಣಿಗೊತ್ತಿಕೊಂಡು, ಸರದಿಯಲ್ಲಿ ಹಿಂದಿದ್ದ ಗೆಳೆಯರ ಕೈಗೆ ಕೊಟ್ಟರು. ನಾಂದೇಡದ ಕಡೆಯ ಒಬ್ಬ ಬ್ರಾಹ್ಮಣ ಹುಡುಗ ಮುಂದೆ ಬಂದು, ಉಸ್ತಾದ್, ನನ್ನ ಜನಿವಾರ ತೆಗೆಯುವಂತಿಲ್ಲ ಎಂದ. ಅವರು “ಠೀಕ್ ಹೈ, ನೀನು ಓಡು” ಎಂದು ಅವನನ್ನು ಮೈದಾನ ಸುತ್ತಲು ಕಳಿಸಿದರು. ಅಷ್ಟೇ ನಡೆದದ್ದು. ಅವನ ಹಿಂದೆಯೇ ನಾನು ನಿಂತಿದ್ದೆ. ನಂದೂ ಹಂಗೇ ಅದ ಎನ್ನಲು ಬಾಯಿ ತೆರೆದಿದ್ದರೆ ಸಾಕಿತ್ತು.

ಬಾಯಿ ತೆರೆಯಲಿಲ್ಲ. ಆ ಹುಡುಗನ ಮೇಲೆ ನನಗೆ ಈಗಲೂ ಸಿಟ್ಟು ಬರುತ್ತದೆ, ಆ ಹುಡುಗ ನಾನೇ ಆದರೂ. ಗಡಿಯಾರ ಎಂದು ಹೇಳಿಕೊಂಡವನು ಈಗ ಎಲ್ಲರೆದುರು ಇದು ದೇವರು ಎನ್ನುವುದು ಹೇಗೆ? ಹುಡುಗರು ನಕ್ಕಾರು ಎಂಬ ಒಂದೇ ಹೆದರಿಕೆ. ಬೇವಿನ ಮರದ ಕಡೆ ತಿರುಗಿ, ದಾರವನ್ನು ತಲೆಯ ಮೇಲಿಂದ ತೆಗೆದು, ಕರಡಿಗೆಯನ್ನು ಶೇರವಾನಿಯ ಒಳಜೇಬಿಗೆ ಇಳಿಬಿಟ್ಟೆ. ಶೇರವಾನಿಯನ್ನು ಎಲ್ಲರ ಶೇರವಾನಿಗಳ ಜೊತೆ ಗಿಡದ ಕೊಂಬೆಗೆ ತೂಗುಹಾಕಿದೆ. ಮೂವತ್ತು ಕರಿ ಶೇರವಾನಿಗಳು ಒಂದರ ಪಕ್ಕ ಒಂದು ತೂಗುತ್ತಿದ್ದವು.

ಕವಾಯತು ಮುಗಿದು ನಾನು ಹಾಕಿಕೊಂಡ ಶೇರವಾನಿಯ ತೋಳು ನನ್ನ ಬೆರಳ ತುದಿಯವರೆಗೆ ಬಂತು. ಅತ್ತರಿನ ವಾಸನೆ. ಒಳಜೇಬಿನಲ್ಲಿ ಒಂದು ಹಣಿಗೆ. ನನ್ನದಲ್ಲ. ಸುತ್ತ ನೋಡುವಷ್ಟರಲ್ಲಿ ಕೊಂಬೆಗಳು ಖಾಲಿ. ಹೊರಗಿನಿಂದ ಕವಾಯತಿಗೆ ಬರುವ ಹುಡುಗರು ಸೈಕಲ್ಲು ಹತ್ತಿ ಹೋಗಿಯಾಗಿತ್ತು.

ಮರುದಿನ ಬೆಳಗ್ಗೆಯೇ ಒಬ್ಬ ಹಿರಿಯ ವಿದ್ಯಾರ್ಥಿ ನನ್ನ ಶೇರವಾನಿಯನ್ನು ಮಡಚಿ ತಂದ. ಮಾಫಿ ಕೇಳಿ, ತನ್ನದನ್ನು ತೆಗೆದುಕೊಂಡ. ನಾನು ಒಳಜೇಬಿಗೆ ಕೈ ಹಾಕಿದೆ. ಕೈ ಜೇಬಿನಲ್ಲಿ ನಿಲ್ಲದೆ ಕೆಳಗಿಳಿದು ಅಂಚಿನ ಹತ್ತಿರ ಹೊರಗೆ ಬಂತು. ಜೇಬಿನ ತಳದ ಹೊಲಿಗೆ ಪೂರ್ತಿ ಬಿಟ್ಟಿತ್ತು. ನನ್ನ ಮುಖ ನೋಡಿ ಅವನಿಗೇ ಗಾಬರಿಯಾಯಿತು. ಏನಿತ್ತು ಎಂದು ಕೇಳಿದ. ತರಗತಿಯಲ್ಲಿ ಟೈಮು ಕೇಳುತ್ತಿದ್ದ ಹುಡುಗ ಅಲ್ಲೇ ಇದ್ದ, ನನಗಿಂತ ಮೊದಲು ಅವನೇ ಹೇಳಿದ: ಗಡಿಯಾರ.

ಆಮೇಲೆ ಎಲ್ಲರೂ ಗಡಿಯಾರ ಹುಡುಕಿದರು. ಹಿರಿಯ ವಿದ್ಯಾರ್ಥಿ ತಾನು ಸೈಕಲ್ಲು ತುಳಿದ ದಾರಿಯನ್ನೆಲ್ಲ ತೋರಿಸುತ್ತ ನನ್ನ ಜೊತೆ ನಡೆದ. ಮೈದಾನದ ಹುಲ್ಲಿನಲ್ಲಿ ಹತ್ತು ಹುಡುಗರು ಬಗ್ಗಿ ಬಗ್ಗಿ ನೋಡಿದರು. ಒಬ್ಬ ಬಡವರ ಮನೆಯ ಹುಡುಗನಿಗೆ ಹೀಗಾಗಬಾರದಿತ್ತು ಎಂದು ಮರುಗಿದರು. ಇಷ್ಟು ಒಳ್ಳೆಯ ಜನ ಆ ಕಾಲೇಜಿನಲ್ಲಿದ್ದಾರೆಂದು ನನಗೆ ಗೊತ್ತಾದದ್ದೇ ಅವತ್ತು. ಅವರಲ್ಲಿ ಯಾರಿಗಾದರೂ ಒಂದು ಕರಡಿಗೆ ಕಣ್ಣಿಗೆ ಬಿದ್ದಿದ್ದರೂ ಅದು ನನ್ನದೆಂದು ಹೊಳೆಯುವುದಾದರೂ ಹೇಗೆ? ಸಂಜೆ ಖೋಲಿಯಲ್ಲಿ ತಾಂಡೂರಿನವನಿಗೆ ಮಾತ್ರ ನಿಜ ಹೇಳಿದೆ. ಅವನು ಹಣೆ ಚಚ್ಚಿಕೊಂಡ.

“ಹೋಗಿ ಖರೇ ಹೇಳೋ ಮಾರಾಯ. ಚಪರಾಸಿಗರ ಹೇಳು.”

ಚಪರಾಸಿ ಮುದುಕ, ಕಾಲೇಜಿನಲ್ಲಿ ಏನೇ ಕಳೆದರೂ ಮೊದಲು ಅವನಿಗೇ ಹೇಳುವುದು. ಅವನ ಹತ್ತಿರ ಹೋಗಿ, ಕಳೆದದ್ದು ಗಡಿಯಾರವಲ್ಲ, ಒಂದು ಡಬ್ಬಿ, ಅದರೊಳಗೆ ಒಂದು ಕರಿ ಕಲ್ಲು ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ನಿನ್ನೆ ಗಡಿಯಾರ, ಇವತ್ತು ಡಬ್ಬಿ, ನಾಳೆ ಆನೆ ಕಳೆದಿದೆ ಎನ್ನುತ್ತೀಯೋ ಏನೋ ಎಂದ. ಆಮೇಲೆ ಡಬ್ಬಿ ಯಾವುದರದು ಎಂದು ಕೇಳಿದ. ಬೆಳ್ಳಿಯದು ಎಂದೆ. ಹಾಗಾದರೆ ಅದು ಹೋಯಿತು ಬೇಟಾ, ಸಿಕ್ಕವನು ಇಷ್ಟರಲ್ಲಿ ಕರಗಿಸಿಯೂ ಆಗಿರುತ್ತದೆ ಎಂದ. ಬೆಳ್ಳಿ ಅವರೇ ಇಟ್ಟುಕೊಳ್ಳಲಿ, ಕಲ್ಲು ಕೊಟ್ಟರೆ ಸಾಕು ಎಂದೆ. ಹೇಳುವಾಗ ಅಳು ಬಂತು. ಮುದುಕನಿಗೆ ಏನನ್ನಿಸಿತೋ, ತಲೆಯ ಮೇಲೆ ಕೈಯಿಟ್ಟು, ಹೋಗಿ ಊಟ ಮಾಡು ಎಂದ.

ಊಟ ಮಾಡುವಂತಿರಲಿಲ್ಲವಲ್ಲ. ಒಂದು ದಿನ ಕಳೆಯಿತು. ಎರಡನೆಯ ದಿನವೂ ನೀರಿನಲ್ಲಿ ಕಳೆಯಿತು. ಕಾಲೇಜಿನಿಂದ ಆ ಹಿರಿಯ ವಿದ್ಯಾರ್ಥಿಯ ಮೊಹಲ್ಲಾದವರೆಗಿನ ದಾರಿಯನ್ನು ನೆಲ ನೋಡುತ್ತ ನಾಲ್ಕು ಸಲ ತುಳಿದೆ. ಮೊರಂ ಹಾಕಿದ ದಾರಿ, ಎಲ್ಲಿ ನೋಡಿದರೂ ಸಣ್ಣ ಕರಿ ಕಲ್ಲುಗಳು. ಬೆಳ್ಳಿ ಬಿಚ್ಚಿಕೊಂಡು ಕಲ್ಲನ್ನು ಯಾರಾದರೂ ಬಿಸಾಡಿದ್ದರೆ ಎಂದು ಒಂದೊಂದನ್ನೂ ಎತ್ತಿ ನೋಡತೊಡಗಿದೆ. ಹೋಗಿಬರುವವರು ನಿಂತು ನೋಡುತ್ತಿದ್ದರು. ನನಗೆ ನಾಚಿಕೆಯೂ ಆಗಲಿಲ್ಲ. ನಾಚಿಕೆ ಬೇಕಾಗಿಲ್ಲದ ಹೊತ್ತಿನಲ್ಲಿ ಬಂದು, ಬೇಕಾದಾಗ ಇರಲೇ ಇಲ್ಲ.

ಹೊಸ ಲಿಂಗವನ್ನು ಅಂಗಡಿಯಲ್ಲಿ ಕೊಂಡು ಕಟ್ಟಿಕೊಳ್ಳುವಂತಿಲ್ಲ. ನಮ್ಮ ಮನೆತನದ ಅಯ್ಯನವರೇ ಕಟ್ಟಬೇಕು. ಅವರು ಇರುವುದು ಝರಾಸಂಗದ ಹತ್ತಿರದ ಮಠದಲ್ಲಿ. ಊರಿಗೆ ಒಂದು ಕಾರ್ಡು ಬರೆಯೋಣವೆಂದು ಕೂತೆ. ಅಪ್ಪನಿಗೆ ಓದಲು ಬರುತ್ತಿರಲಿಲ್ಲ. ನಮ್ಮೂರಿಗೆ ಬಂದ ಕಾರ್ಡನ್ನು ಚಾವಡಿಯಲ್ಲಿ ಎಲ್ಲರೆದುರು ಗಟ್ಟಿಯಾಗಿ ಓದುವುದು ರೂಢಿ. ಇಂಥವರ ಮಗ ಶಹರಕ್ಕೆ ಹೋದ ಎರಡೇ ತಿಂಗಳಿಗೆ ಲಿಂಗ ಕಳಕೊಂಡ ಎಂಬುದನ್ನು ಇಡೀ ಊರು ಒಟ್ಟಿಗೆ ಕೂತು ಕೇಳಬೇಕು. ಮೂರು ಕಾರ್ಡು ಬರೆದು ಮೂರನ್ನೂ ಹರಿದೆ. ರಜೆ ಕೇಳಿ ಊರಿಗೆ ಹೋಗೋಣವೆಂದರೆ ಮೊದಲೇ ಹಾಜರಿ ಇಲ್ಲ, ಕೇಳಿದರೆ ಯಾಕೆ ಎಂದು ವಾರ್ಡನ್ ಸಾಹೇಬರಿಗೆ ಹೇಳಬೇಕು. ಎತ್ತ ತಿರುಗಿದರೂ ಗೋಡೆ.

ಮೂರನೆಯ ದಿನ ಮಧ್ಯಾಹ್ನ ತಾಂಡೂರಿನವನು ಮೆಸ್ಸಿನಿಂದ ತಟ್ಟೆಯಲ್ಲಿ ರೊಟ್ಟಿ, ಬೇಳೆ ತಂದು ನನ್ನ ಮಂಚದ ಮೇಲಿಟ್ಟ. ನಗಿಸಲು ನೋಡಿದ.

“ಕಲ್ಲು ತಾನೇ? ನಮ್ಮೂರಿಗಿ ಬಾ, ಗಾಡಿಗಟ್ಟಲೆ ಕೊಡಸ್ತೀನಿ.”

ನಾನು ಅವನ ಕಡೆ ನೋಡಿದ ರೀತಿಗೆ ಅವನ ನಗೆ ನಿಂತಿತು. “ತಪ್ಪಾತು. ಆದರ ನೀ ಸತ್ತರ ನಿಮ್ಮವ್ವಗ ಯಾರು ಹೇಳೋರು? ನಾ ಹೋಗಿ ಹೇಳಬೇಕೇನು? ಉಣ್ಣೋ” ಎಂದ. ಅವನೂ ನನ್ನ ಹಾಗೆಯೇ ಹದಿನೇಳರ ಹುಡುಗ, ಹೆದರಿದ್ದ.

ಉಂಡೆ. ಅಜ್ಜಿಯ ಕತೆಗಳಲ್ಲಿ ಇಂಥ ಹೊತ್ತಿಗೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ನನಗೆ ಸಲೀಸಾಗಿ ಇಳಿಯಿತು. ರೊಟ್ಟಿ ಬೆಚ್ಚಗಿತ್ತು, ಬೇಳೆಯಲ್ಲಿ ಬೆಳ್ಳುಳ್ಳಿ ಒಗ್ಗರಣೆಯಿತ್ತು, ಬಹಳ ರುಚಿಯಾಗಿತ್ತು. ಅದನ್ನು ಇವತ್ತಿನವರೆಗೂ ಯಾರಿಗೂ ಹೇಳಿರಲಿಲ್ಲ.

ಆಮೇಲಾದದ್ದು ಇನ್ನೂ ವಿಚಿತ್ರ. ನನಗೆ ಕಾಲೇಜು ಒಗ್ಗತೊಡಗಿತು. ಬೆಳಗ್ಗೆ ಪೂಜೆಯಿಲ್ಲ, ಹಾಗಾಗಿ ನಲ್ಲಿಯ ಅವಸರವೂ ಇಲ್ಲ. ಎಲ್ಲರ ಜೊತೆ ನಾಷ್ಟಾ ಮಾಡಿ, ಎಲ್ಲರ ಜೊತೆ ಮೊದಲ ಪಾಠಕ್ಕೆ ಹೋಗಿ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದೆ. ಹೊಟ್ಟೆ ತುಂಬಿದ್ದಕ್ಕೋ ಏನೋ, ಪ್ರೊಫೆಸರರ ಉರ್ದು ನಿಧಾನವಾಗಿ ಕಿವಿಯೊಳಗೆ ಇಳಿಯತೊಡಗಿತು. ಒಂದು ದಿನ ಅವರು ಕೇಳಿದ ಪ್ರಶ್ನೆಗೆ ಇಡೀ ತರಗತಿಯಲ್ಲಿ ನಾನೊಬ್ಬನೇ ಉತ್ತರ ಹೇಳಿದೆ. “ಶಾಬಾಶ್” ಎಂದರು. ಕೂತುಕೊಳ್ಳುವಾಗ ಅಭ್ಯಾಸದಂತೆ ಕೈ ಎದೆಗೆ ಹೋಯಿತು. ಸಾಬರು ಬಿಟ್ಟು ಹೊಲಿದ ಜಾಗ ಅಂಗೈಯ ಕೆಳಗೆ ಒಳಕ್ಕೆ ಕುಸಿಯಿತು. ಇಷ್ಟು ದಿನ ನನ್ನನ್ನು ಹಿಂದಕ್ಕೆ ಎಳೆಯುತ್ತಿದ್ದದ್ದು ಅದೇ ಆಗಿತ್ತೇ ಎಂದು ಒಂದು ಕ್ಷಣ ಅನ್ನಿಸಿ ಮೈ ಬಿಸಿಯಾಯಿತು. ಆ ಯೋಚನೆ ನನ್ನದೇ, ಬೇರೆ ಯಾರೂ ಹೇಳಿಕೊಟ್ಟದ್ದಲ್ಲ.

ದಸರೆಗೆ ಪರೀಕ್ಷೆಯ ನೆಪ ಹೇಳಿ ಊರಿಗೆ ಹೋಗಲಿಲ್ಲ. ಪರೀಕ್ಷೆ ಇತ್ತು, ಚೆನ್ನಾಗಿಯೇ ಪಾಸಾದೆ. ದೀಪಾವಳಿಗೆ ನೆಪ ಉಳಿಯಲಿಲ್ಲ, ಬರುತ್ತೇನೆಂದು ಕಾರ್ಡು ಹಾಕಿದೆ. ಮೊದಲು ಮಠಕ್ಕೆ ಹೋಗಿ ಗುಟ್ಟಾಗಿ ಲಿಂಗ ಕಟ್ಟಿಸಿಕೊಂಡು ಆಮೇಲೆ ಮನೆಗೆ ಹೋಗುವುದೆಂದು ರೈಲಿನಲ್ಲಿ ಲೆಕ್ಕ ಹಾಕಿದ್ದೆ. ಜಹೀರಾಬಾದ್ ಸ್ಟೇಷನ್ನಿನಲ್ಲಿ ಅಪ್ಪ ಗಾಡಿ ಕಟ್ಟಿಕೊಂಡು ಬಂದು ನಿಂತಿದ್ದ. ಎತ್ತಿನ ಕೋಡಿಗೆ ಬಣ್ಣ ಬೇರೆ ಹಚ್ಚಿದ್ದ. ಮಗ ಕಾಲೇಜಿನಿಂದ ಬರುತ್ತಿದ್ದಾನಲ್ಲ.

ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಗಾಡಿಯ ಕುಲುಕಾಟಕ್ಕೆ ತಲೆ ನೋಯುತ್ತಿದೆ, ಊಟ ಬೇಡವೆಂದು ಸುಳ್ಳು ಹೇಳಿ, ಶೇರವಾನಿಯ ಗುಂಡಿ ಬಿಚ್ಚದೆಯೇ ಮಲಗಿದೆ. ಮರುದಿನ ನರಕ ಚತುರ್ದಶಿ. ನಸುಕಿನಲ್ಲಿ ಗಂಡುಮಕ್ಕಳಿಗೆ ಅವ್ವನೇ ಎಣ್ಣೆ ಹಚ್ಚಿ ಎರೆಯಬೇಕು. ಇಷ್ಟು ದೊಡ್ಡ ವಿಷಯವನ್ನು ನಾನು ಹೇಗೆ ಮರೆತೆನೋ ದೇವರಿಗೇ ಗೊತ್ತು. ಏನೇನೋ ಉಪಾಯ ಹೂಡಿದವನಿಗೆ ಎಣ್ಣೆಸ್ನಾನ ನೆನಪಾಗಿರಲಿಲ್ಲ. ಅಂಗಿ ಬಿಚ್ಚಲು ನಾನು ತಡ ಮಾಡಿದೆ. ಅವ್ವ “ದೊಡ್ಡವ ಆಗ್ಯಾನ, ನಾಚತಾನ” ಎಂದು ನಕ್ಕಳು. ದೀಪ ದೂರದಲ್ಲಿತ್ತು. ಟವೆಲ್ಲು ಹೊದ್ದುಕೊಂಡೇ ಮಣೆಯ ಮೇಲೆ ಕೂತೆ.

ನೆತ್ತಿಗೆ ಎಣ್ಣೆ ತಟ್ಟಿದಳು. ಕಿವಿಯ ಹಿಂದೆ ತಿಕ್ಕಿದಳು. ಕೈ ಕೊರಳಿಗೆ ಇಳಿಯಿತು, ದಾರ ಹುಡುಕಿತು. ಈ ಕಡೆಯಿಂದ ಆ ಕಡೆಗೆ ಒಂದು ಸಲ, ಆ ಕಡೆಯಿಂದ ಈ ಕಡೆಗೆ ಇನ್ನೊಂದು ಸಲ ಹೋಯಿತು. ಆಮೇಲೆ ಅಲ್ಲೇ ನಿಂತಿತು.

“ಎಲ್ಲದ?”

ನಾನು ಟವೆಲ್ಲನ್ನು ಎದೆಗೆ ಎಳೆದುಕೊಂಡೆ.

“ಎಂದ ಹೋತು?”

“ಪಂಚಮಿ ಆಗಿ ಎಂಟ್ ದಿನಕ್ಕ.”

ನೀರಿನ ಹಂಡೆ ಕುದಿಯುತ್ತಿತ್ತು. ಬೈದಾಳು, ಎದೆ ಬಡಿದುಕೊಂಡಾಳು, ಅಪ್ಪನನ್ನು ಕೂಗಿಯಾಳು ಎಂದು ನಾನು ಕಾಯುತ್ತಿದ್ದೆ. ಹಾಗೆ ಮಾಡಿದ್ದರೆ ಬದುಕಿಕೊಳ್ಳುತ್ತಿದ್ದೆ.

“ಅಂದಿನಿಂದ ಉಂಡ್ಯಾ?” ಎಂದಳು.

“ಎರಡ್ ದಿನ ಇಲ್ಲವ್ವ. ಮೂರನೇ ದಿನ ಉಂಡೆ.”

ಅವ್ವ ಕೈಗೆ ಇನ್ನಷ್ಟು ಎಣ್ಣೆ ಹಾಕಿಕೊಂಡು ನನ್ನ ಬೆನ್ನು ತಿಕ್ಕಿದಳು. ತೋಳು ತಿಕ್ಕಿದಳು. ಬಿಸಿನೀರು ಎರೆದಳು. ಎಂದಿಗಿಂತ ಮೆತ್ತಗೆ ಎರೆದಳೋ ಗಟ್ಟಿಯಾಗಿ ಎರೆದಳೋ ಎಂದು ಕೇಳಿದರೆ ಎಂದಿನಂತೆಯೇ ಎರೆದಳು. ನನ್ನ ಕಣ್ಣಿಗೆ ಸೀಗೆಕಾಯಿ ಹೋಗಿತ್ತು, ಅದು ಒಳ್ಳೆಯದೇ ಆಯಿತು.

ಅಪ್ಪನಿಗೆ ಅವಳೇ ಹೇಳಿದಳು. ಅಪ್ಪ ಬಹಳ ಹೊತ್ತು ಕಟ್ಟೆಯ ಮೇಲೆ ಕೂತಿದ್ದು, ಆಮೇಲೆ ಒಳಗೆ ಬಂದ. “ಒಂದ್ ಕಾರ್ಡ್ ಹಾಕಬೇಕಿಲ್ಲೇನೋ? ಅಯ್ಯನೋರನ್ನ ಕರಕೊಂಡು ನಾನೇ ಬರ್ತಿದ್ದೆ. ಒಂದ್ ದಿನದ ಹಾದಿ” ಎಂದ. ಅಷ್ಟೇ ಅಂದು ಗಾಡಿ ಹೂಡಿಕೊಂಡು ಮಠಕ್ಕೆ ಹೊರಟ. ಹಬ್ಬದ ಅಡುಗೆ ಒಲೆಯ ಮೇಲೆ ಹಾಗೇ ಇತ್ತು. ಅವನು ಅಯ್ಯನವರನ್ನು ಕರೆತರುವ ತನಕ ಮನೆಯಲ್ಲಿ ಯಾರೂ ಉಣ್ಣಲಿಲ್ಲ.

ಅಯ್ಯನವರು ಬಂದದ್ದು ಮಾರನೆಯ ದಿನ ಮಧ್ಯಾಹ್ನ. ದೊಡ್ಡ ಮನಸ್ಸಿನವರು. ಶಹರದಾಗ ಹುಡುಗರಿಗಿ ಇಂಥಾವು ಆಗ್ತಾವ, ತಿಳೀದ ಆದದ್ದಕ್ಕ ದೋಷ ಹಿಡಿಯಬಾರದು ಎಂದರು. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಹೊಸ ಲಿಂಗ ಕಟ್ಟಿದರು. ಒಂದು ಗಳಿಗೆಯ ಕೆಲಸ. ಎರಡೂವರೆ ತಿಂಗಳು ನಾನು ಹೊತ್ತದ್ದು ಇದಕ್ಕೇನಾ ಎನ್ನುವಷ್ಟು ಹಗುರಾಗಿ ಎಲ್ಲ ಮುಗಿಯಿತು. ನಾನು ಹೋಳಿಗೆ ಉಂಡೆ. ಎಲ್ಲ ಸರಿಹೋಯಿತೆಂದು ನಿಜವಾಗಿಯೂ ನಂಬಿದೆ.

ಸಂಜೆ ಎಲ್ಲರಿಗೂ ಬಡಿಸಿ ಅವ್ವ ತಾನು ಬರೇ ನೀರು ಕುಡಿದು ಎದ್ದಳು. ಮರುದಿನ ಸಂಜೆಯೂ ಹಾಗೇ. ಮೂರನೆಯ ದಿನ ನಾನು ಕೇಳಿದೆ. ಒಪ್ಪತ್ತು ಹಿಡಿದೀನಿ ಎಂದಳು, ದಿನಕ್ಕೆ ಒಂದೇ ಹೊತ್ತಿನ ಊಟ. ಯಾಕೆ ಎಂದು ಪಟ್ಟು ಹಿಡಿದಾಗ, ಕಾಳು ಆರಿಸುತ್ತಿದ್ದ ಮೊರವನ್ನು ಪಕ್ಕಕ್ಕಿಟ್ಟು ಹೇಳಿದಳು. ಪಂಚಮಿ ಆದ ಎಂಟನೇ ದಿನದಿಂದ ಚತುರ್ದಶಿಯ ತನಕ ಹುಣ್ಣಿಮೆ ಅಮಾವಾಸ್ಯೆ ಹಿಡಿದು ಬೆರಳ ಗೆರೆಗಳ ಮೇಲೆ ಎಣಿಸಿದ್ದಳು.

“ನೀ ಬರಿಗೊರಳಾಗ ಉಂಡದ್ದು ಎಪ್ಪತ್ತೈದ್ ದಿನ ಆಗ್ತಾವ. ನೀ ಉಪಾಸ ಇದ್ದ ಎರಡ್ ದಿನ ಬಿಟ್ಟೀನಿ. ಸಂಕ್ರಮಣದ ಹೊತ್ತಿಗಿ ಮುಗೀತಾವ.”

“ತಪ್ಪು ನಂದವ್ವ. ನೀ ಯಾಕ ಹಿಡೀತಿ? ನಾ ಹಿಡೀತೀನಿ.”

“ನಿನಗ ಓದೂದದ” ಎಂದಳು. “ಹಸದ ಹೊಟ್ಯಾಗ ಓದು ಹತ್ತಂಗಿಲ್ಲ ನನ್ನಪ್ಪ.”

ಇದನ್ನು ಅವಳಿಗೆ ಯಾರು ಹೇಳಿದರು? ನನ್ನ ಹಾಜರಿಯ ಕತೆ, ಮುಂದಿನ ಬೆಂಚಿನ ಕತೆ, ಏನನ್ನೂ ನಾನು ಬಾಯಿಬಿಟ್ಟಿರಲಿಲ್ಲ. ಕಾಲು ಹಿಡಿದೆ, ಅತ್ತೆ, ನಾನೂ ಉಣ್ಣುವುದಿಲ್ಲವೆಂದು ಹೆದರಿಸಿದೆ. ಅಪ್ಪನ ಮುಂದೆ ಹೇಳಿದೆ. ಅಪ್ಪ ಅವಳ ಮಾತಿಗೆ ಅಡ್ಡ ಬರುವವನಲ್ಲ. ಮುಂಗಾರಿ ಜೋಳದ ಕೊಯ್ಲು ಎದುರಿಗಿತ್ತು, ಅವಳು ಹೊತ್ತು ಮೂಡುವ ಮೊದಲೇ ಕುಡುಗೋಲು ಹಿಡಿದು ಹೊಲಕ್ಕೆ ಹೋಗುತ್ತಿದ್ದಳು. ನಾನು ಬೈಯಿಸಿಕೊಳ್ಳಲು ತಯಾರಾಗಿ ಬಂದವನು. ಇದಕ್ಕೆ ನನ್ನ ಹತ್ತಿರ ಏನೂ ತಯಾರಿ ಇರಲಿಲ್ಲ.

ರಜೆ ಮುಗಿಯಿತು, ಹಾಸ್ಟೆಲಿಗೆ ಬಂದೆ. ಬೆಳಗ್ಗೆ ಕತ್ತಲಿರುವಾಗಲೇ ಎದ್ದು ಎಲ್ಲರಿಗಿಂತ ಮೊದಲು ನಲ್ಲಿ ಹಿಡಿಯುವುದನ್ನು ಕಲಿತೆ. ಇಷ್ಟು ಸುಲಭದ ದಾರಿ ಮೊದಲೇ ಯಾಕೆ ಹೊಳೆಯಲಿಲ್ಲವೋ! ಪೂಜೆಯಾಗುತ್ತಿತ್ತು, ಮೊದಲ ಪಾಠವೂ ಸಿಗುತ್ತಿತ್ತು. ಗಡಿಯಾರ ಸಿಕ್ಕಿತೇ ಎಂದು ಕೇಳಿದ ಪಕ್ಕದ ಹುಡುಗನಿಗೆ ಕರಡಿಗೆ ತೆರೆದು ತೋರಿಸಿ ನಿಜ ಹೇಳಿದೆ. ಅವನು ನಗಲಿಲ್ಲ. ಮೊದಲೇ ಹೇಳಬಾರದಿತ್ತೇ ಎಂದ.

ಅವ್ವನ ಜೊತೆ ನಾನೂ ಸಂಕ್ರಮಣದ ತನಕ ಒಪ್ಪತ್ತು ಇರುವುದೆಂದು ಬಂದ ದಿನವೇ ತೀರ್ಮಾನಿಸಿದ್ದೆ. ಅವಳಿಗೆ ಗೊತ್ತಾಗುವುದು ಬೇಡ, ನನ್ನ ಪಾಲು ನನಗೆ. ತಾಂಡೂರಿನವನಿಗೆ ಸಂಜೆ ಹೊಟ್ಟೆ ಸರಿಯಿಲ್ಲ ಎಂದೆ. ಒಂದು ದಿನ ಸಾಗಿತು. ಎರಡು, ಮೂರು, ನಾಲ್ಕು ಸಾಗಿತು. ಐದನೆಯ ದಿನ ಪುಸ್ತಕದ ಅಕ್ಷರಗಳು ಕಣ್ಣ ಮುಂದೆ ತೇಲಿದವು. ಆರನೆಯ ದಿನ ಕವಾಯತಿತ್ತು. ಮುಗಿಸಿ ಖೋಲಿಗೆ ಬಂದಾಗ ಊಟದ ಗಂಟೆ ಬಾರಿಸಿತು. ತಾಂಡೂರಿನವನು ನನ್ನನ್ನು ಕರೆಯಲಿಲ್ಲ, ಯಾರೂ ಕರೆಯಲಿಲ್ಲ. ನಾನೇ ಎದ್ದೆ, ಕಾಲು ತೊಳೆದುಕೊಂಡೆ, ಮೆಸ್ಸಿಗೆ ನಡೆದೆ.

ಬದನೆಕಾಯಿ ಪಲ್ಯ ಮಾಡಿದ್ದರು. ಊರಲ್ಲಿ ಅದೇ ಹೊತ್ತಿಗೆ ಅವ್ವ ಹೊಲದಿಂದ ಬಂದು, ಎಲ್ಲರಿಗೂ ರೊಟ್ಟಿ ಬಡಿದು ಹಾಕಿ, ತಾನು ನೀರು ಕುಡಿದು ಏಳುತ್ತಿರುತ್ತಾಳೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಕೂತೆ. ಮೊದಲ ರೊಟ್ಟಿ ಮುಗಿಯಿತು, ಎರಡನೆಯದೂ ಮುಗಿಯಿತು. ಬಡಿಸುವವನು ಸಾಕೇ ಎಂದು ಕೇಳಿದ. ನಾನು ತಟ್ಟೆ ಮುಂದೆ ಚಾಚಿದೆ.